ಬೀಗರೂಟದ ಮೂರನೇ ಮುದ್ದೆ

ನಮ್ಮ ಜಿಲ್ಲೆಯಲ್ಲಿ ಎದೆ ನೊಂದರೂ ಗ್ಯಾಸ್ಟ್ರಿಕ್, ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್, ತಲೆ ತಿರುಗಿದರೂ ಗ್ಯಾಸ್ಟ್ರಿಕ್. ಹಾಸನದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷದ ಮೇಲಾಯಿತು ನಾನು ಸರ್ಜನ್ ಆಗಿ, ಇವತ್ತಿಗೂ ಆ ಪದ ಕೇಳಿದರೆ ಮೈಯೆಲ್ಲ ಉರಿಯುತ್ತದೆ. ರೋಗಿಯೇ ಕಾಯಿಲೆಗೆ ಹೆಸರಿಟ್ಟುಕೊಂಡು ಬಂದರೆ, ಹಾಗಾದರೆ ಈ ಕುರ್ಚಿಯಲ್ಲಿ ನೀವೇ ಕೂತುಕೊಳ್ಳಿ, ನಾನು ಆ ಕಡೆ ಕೂರುತ್ತೇನೆ ಎಂದು ಗದರಿದ್ದೂ ಉಂಟು. ನನ್ನ ಬಾಯಿ ಜೋರು ಎನ್ನುವುದು ಇಡೀ ವಾರ್ಡಿಗೆ ಗೊತ್ತು. ನಾನು ರೌಂಡ್ಸಿಗೆ ಬರುವ ಮೊದಲೇ ಸಿಸ್ಟರುಗಳು ರೋಗಿಗಳಿಗೆ, ಮೇಡಂ ಕೂಗಾಡುತ್ತಾರೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಕೈ ಮಾತ್ರ ಚೆನ್ನಾಗಿದೆ ಎಂದು ಹೇಳಿಟ್ಟಿರುತ್ತಾರಂತೆ. ಎರಡೂ ನಿಜವೇ.

ನಾನು ಹುಟ್ಟಿ ಬೆಳೆದದ್ದು ದಂಡಿಗನಹಳ್ಳಿ ಕಡೆ. ಬೀಗರೂಟ ಎಂದರೇನು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮದುವೆ ಮುಗಿದ ಕೆಲವು ದಿನಕ್ಕೆ ಗಂಡಿನ ಮನೆಯವರು ಹೆಣ್ಣಿನ ಕಡೆಯವರನ್ನೆಲ್ಲ ಕರೆದು ಹಾಕುವ ಬಾಡೂಟ ಅದು. ಅಲ್ಲಿ ಬಡಿಸುವವರು ಸೋಲಬಾರದು, ಉಣ್ಣುವವರು ಸಾಕು ಅನ್ನಬಾರದು. ಎಲೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಮುದ್ದೆ ಇಟ್ಟು ನಗುತ್ತಾರೆ. ಅದರಲ್ಲೂ ಹೆಣ್ಣಿನ ಅಪ್ಪನ ಎಲೆಯ ಮುಂದೆ ಗಂಡಿನ ಅಪ್ಪನೇ ಬಂದು ಬಗ್ಗಿ ನಿಂತರೆ ಮುಗಿಯಿತು, ಆತ ಬಡಿಸಿದ್ದಷ್ಟನ್ನೂ ಉಂಡು ಏಳಬೇಕು. ಮುದ್ದೆಯನ್ನು ಅಗಿಯುವ ಪದ್ಧತಿಯೂ ನಮ್ಮಲ್ಲಿಲ್ಲ. ಮುರಿ, ಸಾರಿಗೆ ಅದ್ದು, ನುಂಗು, ಅಷ್ಟೇ. ಹೊಟ್ಟೆ ತುಂಬಿದ್ದು ಗೊತ್ತಾಗುವ ಹೊತ್ತಿಗೆ ಅದು ಕಂಠದವರೆಗೆ ಬಂದಿರುತ್ತದೆ.

ಆ ದಿನ ಭಾನುವಾರ, ಸಂಜೆ ನಾಲ್ಕೂವರೆ ಇರಬೇಕು. ನಾನು ವಾರ್ಡಿನಲ್ಲಿ ಒಬ್ಬರ ಹೊಲಿಗೆ ಬಿಚ್ಚುತ್ತಿದ್ದೆ. ಎಮರ್ಜೆನ್ಸಿಯಿಂದ ನಮ್ಮ ಫಿಸಿಶಿಯನ್ ಫೋನ್ ಮಾಡಿದರು. ಐವತ್ತೈದರ ಗಂಡಸು, ತಡೆಯಲಾರದ ಎದೆನೋವು, ಹಾರ್ಟ್ ಅಟ್ಯಾಕ್ ಇರಬಹುದು, ಆದರೆ ಇಸಿಜಿ ಅಂಥಾದ್ದೇನೂ ಹೇಳುತ್ತಿಲ್ಲ, ಹೊಟ್ಟೆಯ ಮೇಲ್ಭಾಗ ಹಲಗೆ ಹಾಗೆ ಬಿಗಿದಿದೆ. ರಕ್ತ ತೆಳು ಮಾಡುವ ಇಂಜೆಕ್ಷನ್ ತೆಗೆದಿಟ್ಟಿದ್ದೇನೆ, ಕೊಡುವ ಮೊದಲು ನೀವು ಒಮ್ಮೆ ಕೈಯಿಟ್ಟು ನೋಡಿಬಿಡಿ ಎಂದರು. ವಯಸ್ಸಿನಲ್ಲಿ ಅವರು ನನಗಿಂತ ಬಹಳ ಚಿಕ್ಕವರು. ಗೊತ್ತಾಗದ್ದನ್ನು ಗೊತ್ತಾಗುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುವ ಗುಣ ಅವರಿಗಿದೆ, ಅದಕ್ಕೇ ನನಗೆ ಅವರನ್ನು ಕಂಡರೆ ಇಷ್ಟ. ಕತ್ತರಿಯನ್ನು ಸಿಸ್ಟರ್ ಕೈಗೆ ಕೊಟ್ಟು ಓಡಿದೆ.

ಹಾಸಿಗೆಯ ಸುತ್ತ ಹನ್ನೆರಡು ಜನ. ನಡುವೆ ಹೊಸ ಬಿಳಿ ಅಂಗಿ, ಜರಿ ಅಂಚಿನ ಪಂಚೆಯಲ್ಲಿ ಆ ಮನುಷ್ಯ ಮುಂದಕ್ಕೆ ಬಗ್ಗಿ ಕೂತಿದ್ದರು. ಮಲಗಲು ಆಗುತ್ತಿರಲಿಲ್ಲ. ಬೆವರು ಧಾರಾಕಾರ, ಉಸಿರು ಮೇಲಿಂದ ಮೇಲೆ. ಪಕ್ಕದಲ್ಲಿ ಅರಿಶಿನದ ದಾರ ಇನ್ನೂ ಮಾಸದ ಮಗಳು ಅಪ್ಪನ ಹೆಗಲು ಹಿಡಿದು ನಿಂತಿದ್ದಳು. ತಲೆದಿಂಬಿನ ಕಡೆ ಆಕೆಯ ಮಾವ, ದಪ್ಪ ಮೀಸೆಯ ಭಾರಿ ಆಳು, ಕೈಯಲ್ಲಿ ಅರ್ಧ ಖಾಲಿಯಾದ ಸೋಡಾ ಬಾಟಲಿ. ನಡೆದದ್ದನ್ನೆಲ್ಲ ಹೇಳಿದವರು ಅವರೇ. ಬುಧವಾರ ಮದುವೆ ಆಗಿತ್ತು. ಇವತ್ತು ಗೊರೂರಿನ ಹತ್ತಿರದ ತಮ್ಮ ಊರಲ್ಲಿ ಬೀಗರೂಟ. ಚನ್ನರಾಯಪಟ್ಟಣದ ಕಡೆಯಿಂದ ಹೆಣ್ಣಿನವರು ವ್ಯಾನಿನಲ್ಲಿ ಬಂದಿದ್ದರು. ಒಂದು ಗಂಟೆಗೆ ಪಂಕ್ತಿ ಕೂತಿತು. ಉಂಡು ಕೈ ತೊಳೆಯಲು ಹೋದ ಹೆಣ್ಣಿನ ಅಪ್ಪ ಸ್ವಲ್ಪ ಹೊತ್ತಿಗೆ ಎದೆ ಅವುಚಿಕೊಂಡು ಬಂದು ಜಗುಲಿ ಮೇಲೆ ಕುಸಿದರು. ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿದರೆ ನೋವು ಇನ್ನೂ ಜಾಸ್ತಿಯಾಯಿತು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸಿನ ಇಂಜೆಕ್ಷನ್ ಹಾಕಿಸಿದರು, ಅದೂ ನಾಟಲಿಲ್ಲ. ಆಮೇಲೆ ಕಾರಿಗೆ ಹಾಕಿಕೊಂಡು ಹಾಸನಕ್ಕೆ ಬಂದರು.

ವಾಂತಿ ಆಯಿತೇ ಎಂದು ನಾನು ರೋಗಿಯನ್ನೇ ಕೇಳಿದೆ. ಇಲ್ಲ ಎಂದರು, ನನ್ನ ಮಾತು ಮುಗಿಯುವ ಮೊದಲೇ. ಫಿಸಿಶಿಯನ್ನೂ ಎರಡು ಸಲ ಕೇಳಿದ್ದರಂತೆ, ಎರಡು ಸಲವೂ ಅದೇ ಇಲ್ಲ. ಬೀಗರು ಸೋಡಾ ಬಾಟಲಿಯ ಮುಚ್ಚಳ ತಿರುವುತ್ತಾ ನೆಲ ನೋಡುತ್ತಿದ್ದರು. ನನಗೆ ತಲೆಯೊಳಗೆ ಏನೋ ಕೂಡಿ ಬರುತ್ತಿರಲಿಲ್ಲ. ಹೊಟ್ಟೆ ಬಿಗಿದಿರುವುದಕ್ಕೆ ಹುಣ್ಣು ಒಡೆದಿರಬಹುದು, ಆದರೆ ಉಸಿರು ಯಾಕೆ ಹೀಗೆ? ಎಡಗಡೆ ಎದೆಯಲ್ಲಿ ಸ್ಟೆತಾಸ್ಕೋಪ್ ಇಟ್ಟರೆ ಕೆಳಗೆ ಗಾಳಿಯಾಡುವ ಸದ್ದೇ ಇಲ್ಲ. ದನಿ ಬೇರೆ ಮೂಗಿನಿಂದ ಬಂದ ಹಾಗೆ ಬರುತ್ತಿತ್ತು. ಹಾಗೇ ನೋಡೋಣ ಎಂದು ಕುತ್ತಿಗೆಯ ಬುಡದಲ್ಲಿ ಬೆರಳಿಟ್ಟು ಒತ್ತಿದೆ. ಬಟ್ಟೆಯ ಗಂಟಿನೊಳಗಿನ ಪುರಿ ಒತ್ತಿದಂತೆ ಚರ್ಮದ ಕೆಳಗೆ ಚರಚರ ಎಂದಿತು.

ಅದು ಗಾಳಿ. ಚರ್ಮದ ಅಡಿಯಲ್ಲಿ ಗಾಳಿಗೆ ಏನು ಕೆಲಸ? ಎಲ್ಲೋ ಒಡೆದು ಬಂದಿರಬೇಕು. ಏಟು ಬಿದ್ದಿಲ್ಲ, ಬಿದ್ದು ಪೆಟ್ಟಾಗಿಲ್ಲ. ತುಂಬಿದ ಹೊಟ್ಟೆ ಜೋರಾಗಿ ಉಕ್ಕಿ ಬಂದು, ಮೇಲೆ ದಾರಿ ಸಿಗದೆ ಹೋದರೆ ಅನ್ನನಾಳವೇ ಹರಿದುಹೋಗುತ್ತದೆ. ಹಾಗೆ ತನ್ನಷ್ಟಕ್ಕೆ ಅನ್ನನಾಳ ಹರಿಯುವುದು ಬಲು ಅಪರೂಪ, ಎಷ್ಟೋ ಸರ್ಜನ್‌ಗಳು ಒಂದನ್ನೂ ನೋಡದೆ ರಿಟೈರ್ ಆಗುತ್ತಾರೆ. ನಾನು ಕಲಿಯುವಾಗ ಒಂದು ನೋಡಿದ್ದೆ, ತಡವಾಗಿ ಬಂದಿದ್ದರು, ಉಳಿಯಲಿಲ್ಲ. ಉಂಡದ್ದೆಲ್ಲ ಎದೆಗೂಡಿಗೆ ಸೋರಿ ಕೊಳೆಯಲು ಶುರುವಾದರೆ ಒಂದೊಂದು ಗಂಟೆಯೂ ಕೈ ಜಾರಿ ಹೋಗುತ್ತದೆ. ಆದರೆ ವಾಂತಿಯಾಗದೆ ಅದು ಹರಿಯುವುದು ತೀರಾ ಕಡಿಮೆ. ಈ ಮನುಷ್ಯ ನೋಡಿದರೆ ವಾಂತಿಯೇ ಆಗಿಲ್ಲ ಅನ್ನುತ್ತಿದ್ದಾರೆ.

ಆಗ ತಲೆ ಎತ್ತಿ ಸುತ್ತ ನಿಂತವರನ್ನು ನೋಡಿದೆ. ಹನ್ನೆರಡು ಜನ, ಅರ್ಧಕ್ಕರ್ಧ ಗಂಡಿನ ಕಡೆಯವರು. ನನಗೆ ನನ್ನ ಮೇಲೇ ಸಿಟ್ಟು ಬಂತು. ದಂಡಿಗನಹಳ್ಳಿಯಲ್ಲಿ ಹುಟ್ಟಿದವಳಿಗೆ ಇಷ್ಟೂ ಹೊಳೆಯಬೇಡವೇ? ಬೀಗರು ಪ್ರೀತಿಯಿಂದ ಬಡಿಸಿದ್ದನ್ನು ಅವರ ಅಂಗಳದಲ್ಲೇ ಕಕ್ಕಿದೆ ಎಂದು ಹೆಣ್ಣಿನ ಅಪ್ಪ ಅವರೆದುರಿಗೇ ಹೇಳಿಯಾನೇ? ಎಲ್ಲರೂ ಆಚೆ ನಡೆಯಿರಿ ಎಂದು ಕೂಗಿದೆ. ಮಗಳು ಕದಲಲಿಲ್ಲ, ಅವಳನ್ನೂ ಕಳಿಸಿ ಪರದೆ ಎಳೆದೆ. ಈ ಸಲ ವಾಂತಿ ಆಯಿತೇ ಎಂದು ಕೇಳಲು ಹೋಗಲಿಲ್ಲ.

"ಯಜಮಾನ್ರೇ, ವಾಂತಿ ಎಲ್ಲಿ ಮಾಡ್ಕೊಂಡ್ರಿ?" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ಪರದೆಯ ಆಚೆಗೆ ಕೇಳದಷ್ಟು ಸಣ್ಣಗೆ, "ಉಲ್ಲಿನ ಮೆದೆ ಇಂದ್ಗಡೆ," ಎಂದರು. "ಸದ್ದು ಕೇಳುಸ್ಬಾರ್ದು ಅಂತ ಟವಲ್ ಬಾಯಿಗೆ ತುರುಕ್ಕಂಡಿದ್ದೆ. ಏನೋ ಪಟ್ ಅಂತು ಕಣವ್ವ. ಬೀಗ್ರಿಗೆ ಏಳ್ಬ್ಯಾಡಿ. ನನ್ ಮಗ್ಳು ಅಲ್ಲಿ ಬಾಳ್ಬೇಕು."

ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡೋಣ ಅನ್ನಿಸಿತು. ವಾಂತಿ ಬಂದವನು ಬಾಯಿಗೆ ಬಟ್ಟೆ ತುರುಕಿಕೊಂಡರೆ ಒಳಗಿನ ರಭಸವೆಲ್ಲ ಎಲ್ಲಿಗೆ ಹೋಗಬೇಕು? ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಅನ್ನನಾಳ ಹರಿದುಕೊಂಡಿದ್ದರು. ಆದರೆ ಬೈಯಲು ಆಗಲಿಲ್ಲ. ನಮ್ಮ ಮನೆಗಳಲ್ಲಿ ಯಾರಿಗಾದರೂ ವಾಂತಿಯಾದರೆ ಪಕ್ಕದಲ್ಲಿದ್ದವರು ಓಡಿ ಬಂದು ಹಣೆ ಹಿಡಿದುಕೊಳ್ಳುತ್ತಾರೆ. ನನ್ನವ್ವ ಹಿಡಿಯುತ್ತಿದ್ದಳು, ಒಂದು ಕೈ ಹಣೆಗೆ, ಒಂದು ಕೈ ಬೆನ್ನಿಗೆ. ಹಣೆ ಹಿಡಿದವರಿದ್ದರೆ ಅರ್ಧ ಸಂಕಟ ಇಳಿಯುತ್ತದೆ. ಈತ ಹೊಸ ಪಂಚೆ ಉಟ್ಟುಕೊಂಡು ಮೆದೆಯ ಹಿಂದೆ ಒಬ್ಬರೇ ಬಗ್ಗಿ ನಿಂತಿದ್ದರು. ಹೇಳಲ್ಲ, ನೀವು ಸುಮ್ಮನಿರಿ ಎಂದು ಮಾತು ಕೊಟ್ಟೆ.

ಇಂಜೆಕ್ಷನ್ ಎತ್ತಿಡಿ ಎಂದು ಫಿಸಿಶಿಯನ್‌ಗೆ ಹೇಳಿದೆ. ರಕ್ತ ತೆಳು ಮಾಡಿದ್ದರೆ ನಾನು ಎದೆ ತೆರೆಯುವ ಹಾಗೇ ಇರಲಿಲ್ಲ. ಬಾಯಿಗೆ ಒಂದು ಹನಿ ನೀರೂ ಬೇಡ, ನೋವಿಗೆ ಇಂಜೆಕ್ಷನ್, ಒಳ್ಳೆಯ ಆ್ಯಂಟಿಬಯಾಟಿಕ್, ಕೈಗೆ ಡ್ರಿಪ್. ಎಕ್ಸ್‌ರೇಯಲ್ಲಿ ಎಡಗಡೆಯ ಎದೆಯ ತಳದಲ್ಲಿ ನೀರು, ಮೇಲೆ ಗಾಳಿ. ಸಿ.ಟಿ.ಯಲ್ಲಿ ಒಂದು ಗುಟುಕು ಬಣ್ಣದ ಔಷಧಿ ನುಂಗಿಸಿದಾಗ ಅದು ಹೊಟ್ಟೆಗೆ ಇಳಿಯುವ ಮೊದಲೇ ಎಡಕ್ಕೆ ಸೋರಿ ಹೋದದ್ದು ಪರದೆಯ ಮೇಲೆ ಸ್ಪಷ್ಟವಾಗಿ ಕಂಡಿತು. ನೋಡಿ, ಇಲ್ಲೇ ಎಂದು ಬೆರಳಿಟ್ಟು ತೋರಿಸಿದೆ. ಹೆಮ್ಮೆ ಪಡುವ ಹೊತ್ತು ಅದಲ್ಲ ನಿಜ, ಆದರೂ ಪಟ್ಟೆ.

ಬೆಂಗಳೂರಿಗೆ ಕಳಿಸಿಬಿಡೋಣ ಎಂದು ಮೂವರು ನಾಲ್ವರು ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ, ದೊಡ್ಡ ಆಪರೇಷನ್ ಇದು. ನಾನು ಮನಸ್ಸಿನಲ್ಲೇ ದಾರಿ ಅಳೆದೆ. ಚನ್ನರಾಯಪಟ್ಟಣ ದಾಟುವಷ್ಟರಲ್ಲಿ ಬಿ.ಪಿ. ಬಿದ್ದರೆ ಆಂಬುಲೆನ್ಸಿನಲ್ಲಿ ಹಿಡಿಯುವವರು ಯಾರು? ಅಲ್ಲಿ ಹೋಗಿ ಮತ್ತೆ ಎಲ್ಲ ಪರೀಕ್ಷೆ ಮಾಡಿ ಟೇಬಲ್ಲಿಗೆ ಹತ್ತಿಸುವಷ್ಟರಲ್ಲಿ ಇನ್ನೂ ಆರು ಗಂಟೆ. ಈಗ ಇವರ ಅನ್ನನಾಳದ ಅಂಚು ಇನ್ನೂ ಗಟ್ಟಿಯಿರುತ್ತದೆ, ಹೊಲಿಗೆ ನಿಲ್ಲುತ್ತದೆ. ತಡವಾದರೆ ಅಂಚು ನೆನೆದ ಕಾಗದ ಹರಿದಂತೆ ಹರಿದು ದಾರ ಕಿತ್ತು ಬರುತ್ತದೆ. ಎದೆ ತೆರೆಯುವುದನ್ನು ನಾನು ಕಲಿತಿದ್ದೇನೆ, ಕೈಗೆ ಅಭ್ಯಾಸವಿದೆ. ಇಲ್ಲೇ ಮಾಡುತ್ತೇನೆ ಎಂದೆ. ಹೊಳೆನರಸೀಪುರದಲ್ಲಿ ಮನೆಯಲ್ಲಿದ್ದ ನಮ್ಮ ಅರಿವಳಿಕೆ ಡಾಕ್ಟರಿಗೆ ಫೋನ್ ಮಾಡಿದರೆ, ಅವರು ಒಂದೇ ಮಾತು ಕೇಳಿದ್ದು, ಯಾವ ಕಡೆ ಎದೆ ಎಂದು. ಮುಕ್ಕಾಲು ಗಂಟೆಯಲ್ಲಿ ಥಿಯೇಟರಿನಲ್ಲಿದ್ದರು.

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದವಳು ಮಗಳು. ಅವ್ವ ತೀರಿಕೊಂಡು ಆರು ವರ್ಷವಾಯಿತು, ಮನೆಯಲ್ಲಿ ಇದ್ದವರು ತಾವಿಬ್ಬರೇ ಎಂದಳು. ನಾನು ಅವಳಿಗೂ ಬೀಗರಿಗೂ ಒಟ್ಟಿಗೇ ಹೇಳಿದೆ. ಅನ್ನನಾಳ ಒಡೆದಿದೆ, ಕಾಯಿಲೆ ಕೆಟ್ಟದ್ದು, ಹೊತ್ತು ಇನ್ನೂ ಮೀರಿಲ್ಲ, ನನ್ನ ಕೈಲಾದದ್ದರಲ್ಲಿ ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಯಾಕೆ ಒಡೆಯಿತು ಎಂದು ಮಗಳು ಕೇಳಿದಳು. ಕೆಲವರಿಗೆ ಹಾಗಾಗುತ್ತದೆ ಎಂದು ತೇಲಿಸಿದೆ. ಬೀಗರು ಆಗಲೇ ಔಷಧಿ ಚೀಟಿ ಹಿಡಿದು ಅಂಗಡಿಯತ್ತ ಹೊರಟಿದ್ದರು.

ಎಡಗಡೆ ಪಕ್ಕೆಲುಬುಗಳ ನಡುವೆ ಎದೆ ತೆರೆದಾಗ ರಾಗಿ ಅಂಬಲಿಯ ಬಣ್ಣದ ನೀರು ಉಕ್ಕಿ ಬಂತು. ಮುದ್ದೆಯ ಚೂರುಗಳು, ಶ್ವಾಸಕೋಶದ ಅಡಿಯಲ್ಲಿ ಇಡೀ ಇಡೀ ಅವರೆಕಾಳು. ಬಾಡಿನ ಸಾರಿನ ವಾಸನೆ ಥಿಯೇಟರೆಲ್ಲ ಹಬ್ಬಿತು. ಪಕ್ಕದಲ್ಲಿ ಉಪಕರಣ ಕೊಡುತ್ತಿದ್ದ ಸಿಸ್ಟರ್ ಆಮೇಲೆ ಒಂದು ತಿಂಗಳು ಮಟನ್ ಮುಟ್ಟಲಿಲ್ಲವಂತೆ. ಲೀಟರುಗಟ್ಟಲೆ ಸಲೈನ್ ಸುರಿದು ತೊಳೆದೆವು, ಹೊರಬಂದ ನೀರು ಕುಡಿಯುವ ನೀರಿನಷ್ಟು ತಿಳಿಯಾಗುವವರೆಗೆ. ಮೂಲೆ ಮೂಲೆ ಬೆರಳಾಡಿಸಿ ಕಾಳು ಹೆಕ್ಕಿದೆ. ಒಂದು ಕಾಳು ಉಳಿದರೂ ಅದರ ಸುತ್ತ ಕೀವು ಕಟ್ಟುತ್ತದೆ.

ಹರುಕು ಸಿಕ್ಕಿದ್ದು ಅನ್ನನಾಳದ ತೀರಾ ಕೆಳಗೆ, ಎದೆಗೂ ಹೊಟ್ಟೆಗೂ ನಡುವಿನ ವಪೆಯ ಸ್ವಲ್ಪ ಮೇಲೆ, ಎಡಗಡೆ. ಹೊರಗಿನ ಮಾಂಸದ ಪದರದಲ್ಲಿ ಎರಡು ಬೆರಳಗಲ ಕಂಡಿತು. ಇಲ್ಲಿಯೇ ಅವಸರದವರು ಮೋಸ ಹೋಗುವುದು. ಒಳಪದರದ ಹರುಕು ಯಾವಾಗಲೂ ಹೊರಗೆ ಕಾಣುವುದಕ್ಕಿಂತ ಉದ್ದ ಇರುತ್ತದೆ. ಕಂಡಷ್ಟನ್ನೇ ಹೊಲಿದರೆ ಒಳಗಿನ ತುದಿ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ. ಮಾಂಸದ ಪದರವನ್ನು ಮೇಲಕ್ಕೂ ಕೆಳಕ್ಕೂ ಇನ್ನಷ್ಟು ಬಿಡಿಸುತ್ತಾ ಹೋದೆ. ನಾಲ್ಕು ಬೆರಳು ದಾಟಿದ ಮೇಲೆ ಎರಡೂ ತುದಿ ಕಂಡವು. ಆಮೇಲೆ ಒಳಪದರಕ್ಕೆ ಒಂದು ಸಾಲು, ಹೊರಪದರಕ್ಕೆ ಒಂದು ಸಾಲು ಹೊಲಿಗೆ. ಅದರ ಮೇಲೆ ಪಕ್ಕೆಲುಬಿನ ನಡುವಿನ ಮಾಂಸದ ಪಟ್ಟಿಯೊಂದನ್ನು ರಕ್ತನಾಳ ಕಡಿಯದಂತೆ ಬಿಡಿಸಿ ತಂದು ತೇಪೆ ಹಾಕಿದೆ. ಎದೆಯಿಂದ ಸೋರಿದ್ದು ಹೊರಗೆ ಬರಲು ಎರಡು ದಪ್ಪ ನಳಿಕೆ, ಊಟಕ್ಕೆಂದು ಸಣ್ಣ ಕರುಳಿಗೇ ಇನ್ನೊಂದು ನಳಿಕೆ. ಅರಿವಳಿಕೆ ಡಾಕ್ಟರು, ಸಾಕು ಮೇಡಂ, ಮಗಳ ಮದುವೆ ಸೀರೆಗೂ ಯಾರೂ ಇಷ್ಟು ಮುತುವರ್ಜಿಯಿಂದ ಹೊಲಿಗೆ ಹಾಕಲ್ಲ ಎಂದು ರೇಗಿಸಿದರು. ನನಗೆ ಮಗಳಿಲ್ಲ, ಇದ್ದಿದ್ದರೂ ಅಷ್ಟೇ ಎಂದೆ.

ಮೂರನೇ ದಿನ ಜ್ವರ ಏರಿತು. ಗಂಟೆಗೊಮ್ಮೆ ಐಸಿಯುಗೆ ಹೋಗಿ ನಳಿಕೆಯ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ರಾಗಿ ಬಣ್ಣ ಮತ್ತೆ ಕಂಡರೆ ನನ್ನ ಹೊಲಿಗೆ ಬಿಚ್ಚಿದೆ ಎಂದೇ ಅರ್ಥ. ಬಣ್ಣ ತಿಳಿಯಾಗಿಯೇ ಇತ್ತು. ಐದನೇ ದಿನಕ್ಕೆ ಜ್ವರ ಇಳಿಯಿತು, ಆರನೇ ದಿನ ರೋಗಿ ಕುರ್ಚಿಯಲ್ಲಿ ಕೂತು, ಅವ್ವಾ, ಒಂದು ಗುಟುಕು ನೀರು ಎಂದು ಕೈ ಮುಗಿದರು. ಬಾಯಿ ಒದ್ದೆ ಮಾಡಿಸಿದೆ, ನುಂಗಲು ಬಿಡಲಿಲ್ಲ.

ಈ ದಿನಗಳಲ್ಲೆಲ್ಲ ಬೀಗರು ಪ್ರತಿ ಬೆಳಿಗ್ಗೆ ಗೊರೂರಿನ ಬಸ್ಸಿಗೆ ಬಂದು ಐಸಿಯು ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಊರಲ್ಲಿ ಗದ್ದೆ ಕೆಲಸ, ದನಕರು ಎಲ್ಲ ಬಿಟ್ಟು ಬರುತ್ತಿದ್ದರು ಎಂದು ಸಿಸ್ಟರ್ ಹೇಳಿದರೂ ನನಗೆ ಕನಿಕರ ಹುಟ್ಟಲಿಲ್ಲ. ಎರಡು ಮುದ್ದೆ ಉಂಡು ಸಾಕೆಂದವರಿಗೆ ಎಲೆಯ ಮುಂದೆ ನಿಂತು ಮೂರನೆಯದನ್ನು ತುರುಕಿದವರು ಇವರೇ ಎಂದು ಮಗಳ ಬಾಯಲ್ಲಿ ಕೇಳಿದ್ದೆ. ಹೇಗಿದ್ದಾರೆ ಎಂದು ಕೇಳಿದರೆ, ಇದ್ದಾರೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದೆ.

ಒಂಬತ್ತನೇ ದಿನ ಮತ್ತೆ ಬಣ್ಣದ ಔಷಧಿ ನುಂಗಿಸಿ ಹೊಲಿಗೆ ಗಟ್ಟಿಯಿದೆಯೇ ಎಂದು ನೋಡಬೇಕಿತ್ತು. ಆ ಬೆಳಿಗ್ಗೆ ಬೀಗರು ನನ್ನ ರೂಮಿನ ಬಾಗಿಲಿಗೆ ಬಂದು ನಿಂತರು. ಕೂತ್ಕೊಳಿ ಎಂದರೂ ಕೂರಲಿಲ್ಲ. ಹೆಗಲ ಮೇಲಿನ ಟವೆಲನ್ನು ಕೈಯಲ್ಲಿ ಹಿಂಡುತ್ತಿದ್ದರು.

"ಅವ್ರು ಕಕ್ಕಿದ್ದ ನಾನು ನೋಡ್ಬುಟ್ಟಿದ್ದೆ ಕಣಮ್ಮ," ಎಂದರು. "ಮೆದೆ ಅತ್ರ ದನಕ್ಕೆ ಉಲ್ಲು ಇರ್ಯಕ್ಕೆ ಓಗಿದ್ದೆ. ನಾನ್ ನೋಡ್ದೆ ಅಂತ ಗೊತ್ತಾದ್ರೆ ಅವ್ರು ನಮ್ ಮನೆ ಬಾಗ್ಲಿಗೆ ಇನ್ನೊಂದ್ ಸಲ ಬತ್ತಾರಾ? ಅದ್ಕೇ ಸದ್ದು ಮಾಡ್ದೆ ವಾಪಸ್ ಬಂದ್ಬುಟ್ಟೆ."

ಮತ್ತೆ ಎಮರ್ಜೆನ್ಸಿಯಲ್ಲಿ ನಾನು ಕೇಳಿದಾಗ ಎಲ್ಲಿದ್ದಿರಿ ಎಂದೆ. ಅಲ್ಲೇ, ತಲೆದಿಂಬಿನ ಹತ್ತಿರ.

"ಅವ್ರು ಇಲ್ಲ ಅಂದ್ಮೇಲೆ ನಾನೆಂಗಮ್ಮ ಅವ್ದು ಅನ್ಲಿ?"

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಆ ದಿನ ಬಾಯಿಗೆ ಬಂದು ಹೊರಬೀಳದೆ ಉಳಿದಿದ್ದದ್ದೆಲ್ಲ ಈ ಮನುಷ್ಯನ ಮೇಲೆ ಬಿತ್ತು. ಮರ್ಯಾದೆ ಮರ್ಯಾದೆ ಎಂದು ಇಬ್ಬರೂ ಸೇರಿಕೊಂಡು ಆ ಹೆಣ್ಣುಮಗಳಿಗೆ ಅಪ್ಪನನ್ನೇ ಇಲ್ಲವಾಗಿಸುತ್ತಿದ್ದಿರಲ್ಲ, ಒಂದು ಮಾತು ನನ್ನ ಕಿವಿಯಲ್ಲಿ ಹೇಳಲು ಏನಾಗಿತ್ತು ನಿಮಗೆ ರೋಗ ಎಂದು ಕೂಗಿದೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವರು ನಿಂತಲ್ಲೇ ಅತ್ತರು. ಮೂರನೇ ಮುದ್ದೆ ಇಟ್ಟಿದ್ದೂ ನಾನೇ, ನೋಡಿ ಸುಮ್ಮನಿದ್ದದ್ದೂ ನಾನೇ, ನನಗೆ ಒಂಬತ್ತು ದಿನದಿಂದ ಅನ್ನ ಇಳಿಯುತ್ತಿಲ್ಲ ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು, ನಾನು ನೋಡಿದ್ದೆ ಅಂತ ಮಾತ್ರ ಬೀಗರಿಗೆ ಹೇಳಬೇಡಿ ಎಂದು ಕೈ ಮುಗಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೂಗಾಡಿದ್ದರ ಅರ್ಧ ಪಾಲು ನನಗೇ ಸಲ್ಲಬೇಕು ಎಂದೂ ಆಮೇಲೆ ಅನ್ನಿಸಿತು. ಹನ್ನೆರಡು ಜನರ ಮುಂದೆ ಆ ಪ್ರಶ್ನೆ ಕೇಳಿದವಳು ನಾನೇ ತಾನೆ.

ಆ ಮಧ್ಯಾಹ್ನ ಬಣ್ಣದ ಔಷಧಿ ಗಂಟಲಿನಿಂದ ನೇರವಾಗಿ ಹೊಟ್ಟೆಗೆ ಇಳಿಯಿತು. ಒಂದು ಹನಿಯೂ ಸೋರಲಿಲ್ಲ. ಫಿಸಿಶಿಯನ್ ನನ್ನ ಕೈ ಕುಲುಕಿದರು. ನಾನು ಸೀದಾ ಹೋಗಿ ರೋಗಿಯ ಬಾಯಿಗೆ ಒಂದು ಚಮಚ ನೀರು ಹಾಕಿದೆ. ಅವರು ನುಂಗಿ, ಗಂಟಲನ್ನು ಸವರಿಕೊಂಡು, ತಣ್ಣಗದೆ ಎಂದರು. ನೀರು, ಎಳನೀರು, ಗಂಜಿ, ಮೆತ್ತಗಿನ ಅನ್ನ ಎಂದು ಮೂರು ವಾರದಲ್ಲಿ ಮನೆಗೆ ಹೋದರು. ಎರಡು ಕಡೆಯ ಗುಟ್ಟನ್ನೂ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಇದ್ದೆ. ನನ್ನಂಥ ಬಾಯಿಯವಳಿಗೆ ಅದು ಆಪರೇಷನ್ನಿಗಿಂತ ಕಷ್ಟವಾಗಿತ್ತು.

ಮೂರು ತಿಂಗಳಾದ ಮೇಲೆ ತೋರಿಸಲು ಬಂದರು. ಮಗಳು, ಅಪ್ಪ, ಬೀಗರು, ಮೂವರೂ ಒಟ್ಟಿಗೆ. ಅಪ್ಪ ಸ್ವಲ್ಪ ಮೈ ತುಂಬಿಕೊಂಡಿದ್ದರು. ಗಾಯ ನೋಡಿ, ತೂಕ ಹಾಕಿಸಿ, ಚೀಟಿ ಬರೆಯುತ್ತಾ ವಾಡಿಕೆಯ ಪ್ರಶ್ನೆಗಳನ್ನು ಕೇಳಿದೆ. ನುಂಗುವಾಗ ನೋವಿದೆಯೇ? ಇಲ್ಲ. ಎದೆ ಉರಿ? ಇಲ್ಲ. ಊಟವಾದ ಮೇಲೆ ವಾಂತಿ ಆಯಿತೇ? ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮತ್ತೆ ಬೀಗರ ಎದುರಿಗೇ ಕೇಳಿಬಿಟ್ಟಿದ್ದೆ.

ಬೀಗರು ಗೋಡೆ ಕಡೆ ನೋಡಿದರು. ಮಗಳು ಅಪ್ಪನ ಕಡೆ ನೋಡಿದಳು. ಅಪ್ಪ ತಲೆ ಎತ್ತಿದರು. ಆಯಿತು, ಒಂದೇ ಸಲ, ಹೋದ ಗುರುವಾರ ಮಗಳ ಮನೆಯಲ್ಲಿ, ಬಸ್ಸಿನಲ್ಲಿ ಬಂದ ಸುಸ್ತಿಗೆ ಎಂದರು. ನಾನು ಪೆನ್ನು ಬಿಸಾಡಿ ಎದ್ದೆ. ಕುತ್ತಿಗೆ ಒತ್ತಿ ನೋಡಿದೆ, ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಬೆನ್ನು ತಟ್ಟಿ ನೋಡಿದೆ. ಎಲ್ಲ ಸರಿಯಿತ್ತು. ಅಲ್ಲಿಗೆ ಸಿಟ್ಟು ನೆತ್ತಿಗೇರಿತು. ವಾಂತಿಯಾದ ಕೂಡಲೇ ನನಗೊಂದು ಫೋನ್ ಮಾಡಲಿಕ್ಕೇನು, ಈ ಸಲ ಯಾವ ಮೆದೆಯ ಹಿಂದೆ ಹೋಗಿದ್ದಿರಿ, ಆಗ ಜೊತೆಯಲ್ಲಿ ಯಾರೂ ಇರಲಿಲ್ಲವೇ ಎಂದು ಕೂಗಿದೆ. ಮೆದೆಯ ಮಾತು ಬಾಯಿಂದ ಜಾರಿತು ಎಂದು ಗೊತ್ತಾಗುವಷ್ಟರಲ್ಲಿ ಅವರು ಬೀಗರ ಕಡೆ ಕೈ ತೋರಿಸಿದ್ದರು.

"ಮೆದೆ ಇಂದೆ ಯಾಕೋಗ್ಲಿ, ಅಟ್ಟಿ ಅಂಗ್ಳದ್ ನಡೂಕೇ ಕಕ್ದೆ ಕಣವ್ವ," ಎಂದರು. "ಹಣೆ ಇಡ್ಕಂಡಿದ್ದು ಬೀಗ್ರೇ."